ಕ್ರೋಕೆ ಚೆಂಡಿನಿಂದ ಕಾಲ್ಚೆಂಡಿನವರೆಗೆ: ಶಾಲಾ ರಸಾಯನಶಾಸ್ತ್ರದಲ್ಲಿ ಆಟದ ಇತಿಹಾಸ

ಶಾಲೆಗಳಲ್ಲಿ ‘ಆಟದ ಮೂಲಕ ಕಲಿಕೆ’ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಗಣಕದ ಪರದೆ, ಮೊಬೈಲ್ ಆ್ಯಪ್‌ಗಳ ಜೊತೆಗೇ ಹುಟ್ಟಿದ ವಿಚಾರವಿದು ಎಂದು ಅನೇಕರು ತಿಳಿದಿದ್ದಾರೆ. ರಸಾಯನಶಾಸ್ತ್ರದ ಮಟ್ಟಿಗೆ ಅದು ನಿಜವಲ್ಲ. ಈ ವಿಜ್ಞಾನದ ಕೆಲವು ಮುಖ್ಯ ವಿಚಾರಗಳು ಪಾಠದ ಕೋಣೆಗೆ ಬಂದದ್ದೇ ಆಟದ ಸಾಮಾನಿನ ರೂಪದಲ್ಲಿ. ಮರದ ಗುಂಡು, ಕ್ರೋಕೆ ಚೆಂಡು, ಮಡಿಸಿದ ಕಾಗದ, ಇಸ್ಪೀಟೆಲೆ ಎಲ್ಲವೂ ಈ ಕಥೆಯಲ್ಲಿವೆ. ವೈದ್ಯ ವೃತ್ತಿಯಿಂದ ನಿವೃತ್ತನಾದ ಮೇಲೆ ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳನ್ನು ಬಿಡುವಾಗಿ ಸುತ್ತುವುದು ನನ್ನ ಹವ್ಯಾಸವಾಗಿದೆ. ಹಾಗೆ ನೋಡಿದ್ದನ್ನೂ ಅದರ ಸುತ್ತ ಓದಿದ್ದನ್ನೂ ಇಲ್ಲಿ ಹೇಳುತ್ತೇನೆ. ಜೊತೆಗೆ ನನ್ನದೊಂದು ವಾದವೂ ಇದೆ. ಓದುಗರು ಒಪ್ಪಲೇಬೇಕೆಂದಿಲ್ಲ.

ಹೈಸ್ಕೂಲಿನ ಮಕ್ಕಳಿಗೆ ರಸಾಯನಶಾಸ್ತ್ರ ಏಕೆ ಕಷ್ಟ? ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟೋನ್ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಈ ವಿಷಯದಲ್ಲಿ ಮೂರು ಮಟ್ಟಗಳಿವೆ. ಕಣ್ಣಿಗೆ ಕಾಣುವ ಬಣ್ಣ, ವಾಸನೆ, ನೊರೆ ಒಂದು. ಕಣ್ಣಿಗೆ ಕಾಣದ ಪರಮಾಣು, ಅಣು ಎರಡನೆಯದು. ಕರಿಹಲಗೆಯ ಮೇಲಿನ ಸಂಕೇತ, ಸಮೀಕರಣ ಮೂರನೆಯದು. ನುರಿತ ಶಿಕ್ಷಕರು ಒಂದೇ ವಾಕ್ಯದಲ್ಲಿ ಈ ಮೂರರ ನಡುವೆ ಓಡಾಡುತ್ತಾರೆ. ಹದಿಮೂರರ ಹುಡುಗಿಗೆ ಅದು ಸಾಧ್ಯವಾಗುವುದಿಲ್ಲ. ಅವಳು ಮೂರನೆಯ ಮಟ್ಟವನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟುತ್ತಾಳೆ. ನಾವೆಲ್ಲ ದಾಟಿದ್ದೂ ಹಾಗೆಯೇ. ಕಾಣದ ಎರಡನೆಯ ಮಟ್ಟವನ್ನು ಕೈಗೆ ಸಿಗುವಂತೆ ಮಾಡುವುದು ಹೇಗೆ ಎಂಬುದೇ ಈ ಇನ್ನೂರು ವರ್ಷಗಳ ಪ್ರಶ್ನೆ.

ಮೊದಲು ಕೈಹಾಕಿದವರು ಮ್ಯಾಂಚೆಸ್ಟರಿನ ಜಾನ್ ಡಾಲ್ಟನ್. ನೇಕಾರನ ಮಗ, ಕ್ವೇಕರ್ ಪಂಥದವರು. ಹನ್ನೆರಡನೆಯ ವಯಸ್ಸಿಗೇ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಲು ನಿಂತವರು. ದೊಡ್ಡ ವಿಜ್ಞಾನಿಯಾದ ಮೇಲೂ ಮನೆಪಾಠವೇ ಅವರ ಜೀವನೋಪಾಯ. 1808ರಲ್ಲಿ ಅವರ ಪರಮಾಣು ಸಿದ್ಧಾಂತದ ಪುಸ್ತಕ ಹೊರಬಂತು. ಆ ಸುಮಾರಿಗೇ ಪೀಟರ್ ಯುವರ್ಟ್ ಎಂಬ ಎಂಜಿನಿಯರ್ ಗೆಳೆಯ ಅವರಿಗೆ ಒಂದಂಗುಲ ಗಾತ್ರದ ಮರದ ಗುಂಡುಗಳನ್ನು ಮಾಡಿಕೊಟ್ಟರು. ಗುಂಡುಗಳಿಗೆ ತೂತು ಕೊರೆದು, ಕಡ್ಡಿ ಸಿಕ್ಕಿಸಿ, ಪರಮಾಣುಗಳು ಕೂಡುವ ಬಗೆಯನ್ನು ಡಾಲ್ಟನ್ ತೋರಿಸುತ್ತಿದ್ದರು. ನಮ್ಮ ಮಕ್ಕಳು ಗೋಲಿ ಹಿಡಿಯುವ ಹಾಗೆ ಪರಮಾಣುವನ್ನು ಬೆರಳ ನಡುವೆ ಹಿಡಿದ ಮೊದಲ ಮೇಷ್ಟ್ರು ಅವರೇ ಇರಬೇಕು.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆಯಿತು. 1806ರಲ್ಲಿ ಲೇಖಕಿಯ ಹೆಸರಿಲ್ಲದೆ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕವೊಂದು ರಸಾಯನಶಾಸ್ತ್ರವನ್ನು ಇಬ್ಬರು ಹುಡುಗಿಯರು ಮತ್ತು ಅವರ ಗುರುವಿನ ಸಂಭಾಷಣೆಯಾಗಿ ಬರೆಯಿತು. ಬರೆದವರು ಜೇನ್ ಮಾರ್ಸೆಟ್. ಗಂಡ ಅಲೆಕ್ಸಾಂಡರ್ ಮಾರ್ಸೆಟ್ ಗೈಸ್ ಆಸ್ಪತ್ರೆಯ ವೈದ್ಯ. ಬುಕ್ ಬೈಂಡರನ ಬಳಿ ಕೆಲಸಕ್ಕಿದ್ದ ಬಡ ಹುಡುಗ ಮೈಕೇಲ್ ಫ್ಯಾರಡೆ ಆ ಪುಸ್ತಕ ಓದಿಯೇ ರಸಾಯನಶಾಸ್ತ್ರಕ್ಕೆ ಒಲಿದ. ಮುಂದೆ ಅದೇ ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ಇಡೀ ರಸಾಯನಶಾಸ್ತ್ರ ಹೇಳಿದ್ದು ಪ್ರಸಿದ್ಧ. ಆದರೆ ಅಲ್ಲಿ ಕೈಯಾಡಿಸಿದವನು ಫ್ಯಾರಡೆ, ಮಕ್ಕಳು ನೋಡಿದರು. ನೋಡುವುದು ಬೇರೆ, ಆಡುವುದು ಬೇರೆ.

ಆಟ ಬಹಿರಂಗವಾಗಿಯೇ ವೇದಿಕೆ ಏರಿದ್ದು 1865ರ ಏಪ್ರಿಲ್ 7ರ ಶುಕ್ರವಾರ ಸಂಜೆ, ಅದೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ. ಉಪನ್ಯಾಸಕರು ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್. ಜರ್ಮನಿಯಿಂದ ಬಂದು ಇಪ್ಪತ್ತು ವರ್ಷ ಲಂಡನ್ನಿನಲ್ಲಿ ಪಾಠ ಹೇಳಿದ್ದವರು. ವಿಷಯ, ಪರಮಾಣುಗಳ ಕೂಡುವ ಶಕ್ತಿ. ಆಗ ಇಂಗ್ಲೆಂಡಿನ ತೋಟಗಳಲ್ಲಿ ಕ್ರೋಕೆ ಆಟದ ಹುಚ್ಚು ಹಬ್ಬಿತ್ತು. ಹುಲ್ಲಿನ ಮೇಲೆ ಮರದ ಸುತ್ತಿಗೆಯಿಂದ ಬಣ್ಣದ ಚೆಂಡನ್ನು ಹೊಡೆದು ಕಮಾನಿನೊಳಗೆ ತೂರಿಸುವ ಆಟ ಅದು. ಹಾಫ್‌ಮನ್ ಆ ಚೆಂಡುಗಳನ್ನೇ ಮೇಜಿನ ಮೇಲೆ ತಂದಿಟ್ಟರು. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳಿ, ಸಾರಜನಕಕ್ಕೆ ನೀಲಿ, ಆಮ್ಲಜನಕಕ್ಕೆ ಕೆಂಪು, ಕ್ಲೋರಿನ್‌ಗೆ ಹಸಿರು. ಜಲಜನಕದ ಚೆಂಡಿಗೆ ಒಂದೇ ತೋಳು, ಆಮ್ಲಜನಕಕ್ಕೆ ಎರಡು, ಸಾರಜನಕಕ್ಕೆ ಮೂರು, ಇಂಗಾಲಕ್ಕೆ ನಾಲ್ಕು. ಖಾಲಿ ತೋಳು ಉಳಿಯಬಾರದು ಎಂಬುದೇ ನಿಯಮ. ಇಂದಿಗೂ ನಿಮ್ಮ ಮೊಮ್ಮಕ್ಕಳ ಶಾಲೆಯ ಪ್ಲಾಸ್ಟಿಕ್ ಮಾದರಿಗಳಲ್ಲಿ ಇರುವುದು ಹೆಚ್ಚುಕಡಿಮೆ ಇದೇ ಬಣ್ಣಗಳು. ಹಾಫ್‌ಮನ್ ಮಾಡಿದ ಮೀಥೇನ್ ಮಾದರಿಯೊಂದು ಆ ಸಂಸ್ಥೆಯಲ್ಲಿ ಈಗಲೂ ಇದೆ.

ಇಲ್ಲೊಂದು ವೈದ್ಯನ ಮಾತು. ಡಾಲ್ಟನ್‌ಗೆ ಕೆಂಪು, ಹಸಿರು ಬಣ್ಣಗಳ ಭೇದ ಸರಿಯಾಗಿ ಕಾಣುತ್ತಿರಲಿಲ್ಲ. 1794ರಲ್ಲಿ ತನ್ನ ದೃಷ್ಟಿದೋಷದ ಬಗ್ಗೆ ತಾನೇ ಪ್ರಬಂಧ ಓದಿ, ಸತ್ತ ಮೇಲೆ ಕಣ್ಣುಗಳನ್ನು ಪರೀಕ್ಷಿಸಬೇಕೆಂದು ಹೇಳಿಟ್ಟಿದ್ದರು. ಅವರ ಕಣ್ಣಿನ ಉಳಿಕೆಯಿಂದ 1995ರಲ್ಲಿ ಡಿಎನ್‌ಎ ತೆಗೆದು ನೋಡಿದಾಗ ಹಸಿರನ್ನು ಗ್ರಹಿಸುವ ವರ್ಣದ್ರವ್ಯದ ಜೀನ್ ಇಲ್ಲದಿರುವುದು ಖಚಿತವಾಯಿತು. ಯೂರೋಪಿನ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಕೆಂಪು-ಹಸಿರಿನ ಗೊಂದಲ ಇರುತ್ತದೆ. ಅಂದರೆ ಹಾಫ್‌ಮನ್‌ರ ಕೆಂಪು ಆಮ್ಲಜನಕ, ಹಸಿರು ಕ್ಲೋರಿನ್ ಚೆಂಡುಗಳನ್ನು ಡಾಲ್ಟನ್ ಮುಂದಿಟ್ಟಿದ್ದರೆ ಪರಮಾಣು ಸಿದ್ಧಾಂತದ ಪಿತಾಮಹನೇ ತಡವರಿಸುತ್ತಿದ್ದ! ಬಣ್ಣವನ್ನೇ ನಂಬಿದ ಆಟದ ಸಾಮಾನು ತಯಾರಿಸುವವರು ಇದನ್ನು ನೆನಪಿಡಬೇಕು.

ಹಾಫ್‌ಮನ್‌ರ ಚೆಂಡುಗಳಲ್ಲಿ ಒಂದು ದೊಡ್ಡ ಕೊರತೆಯಿತ್ತು. ಇಂಗಾಲದ ನಾಲ್ಕು ತೋಳುಗಳು ಕೂಡುಗುರುತಿನ ಹಾಗೆ ಒಂದೇ ಸಮತಲದಲ್ಲಿದ್ದವು. ಮೇಜಿನ ಮೇಲೆ ಅಂಗಾತ ಮಲಗಿದ ಅಣು ಅದು. ನಿಜವಾದ ಅಣು ಹಾಗಿಲ್ಲ. ತೋಳುಗಳ ಲೆಕ್ಕ ಸರಿ, ಆಕಾರ ತಪ್ಪು. ಆಟ ತನ್ನ ನಿಯಮದಲ್ಲಿ ಇಟ್ಟುಕೊಂಡದ್ದನ್ನು ಮಾತ್ರ ಕಲಿಸುತ್ತದೆ, ನಿಯಮದಲ್ಲಿರುವ ತಪ್ಪನ್ನೂ ಅಷ್ಟೇ ಚೆನ್ನಾಗಿ ಕಲಿಸುತ್ತದೆ.

ತಿದ್ದಿದವನು ಇಪ್ಪತ್ತೆರಡು ವರ್ಷದ ಡಚ್ ಯುವಕ ಯಾಕೋಬಸ್ ಫಾನ್ಟ್ ಹಾಫ್. ಇಂಗಾಲದ ನಾಲ್ಕು ತೋಳುಗಳು ನಾಲ್ಕು ಮುಖದ ಗೋಪುರವೊಂದರ ನಾಲ್ಕು ಮೂಲೆಗಳತ್ತ ಚಾಚಿವೆ ಎಂದು 1874ರಲ್ಲಿ ಆತ ಬರೆದ. ಫ್ರಾನ್ಸಿನ ಲ ಬೆಲ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದಿದ್ದ. ಫಾನ್ಟ್ ಹಾಫ್ ಬರೆದು ಸುಮ್ಮನಾಗಲಿಲ್ಲ. ರಟ್ಟು ಕತ್ತರಿಸಿ ಮಡಿಸಿ ಪುಟ್ಟ ಗೋಪುರಗಳನ್ನು ಮಾಡಿ ಯೂರೋಪಿನ ರಸಾಯನಶಾಸ್ತ್ರಜ್ಞರಿಗೆ ಅಂಚೆಯಲ್ಲಿ ಕಳಿಸಿದ. ಲೈಪ್‌ಜಿಗ್‌ನ ಹರ್ಮನ್ ಕೋಲ್ಬೆ ಎಂಬ ಹಿರಿಯ ಪ್ರಾಧ್ಯಾಪಕನಿಗೆ ಇದು ಸಹನೆಯಾಗಲಿಲ್ಲ. 1877ರಲ್ಲಿ, ತಾನೇ ಸಂಪಾದಕನಾಗಿದ್ದ ಪತ್ರಿಕೆಯಲ್ಲಿ, ಉಟ್ರೆಕ್ಟ್‌ನ ಪಶುವೈದ್ಯ ಶಾಲೆಯ ಈ ಹುಡುಗ ಅಲ್ಲಿಂದಲೇ ಎರವಲು ತಂದ ರೆಕ್ಕೆಯ ಕುದುರೆ ಏರಿ ಹೊರಟಿದ್ದಾನೆ ಎಂಬ ಧಾಟಿಯಲ್ಲಿ ಹೀಗಳೆದ. ಗಂಭೀರ ವಿಜ್ಞಾನಕ್ಕೂ ರಟ್ಟಿನ ಗೊಂಬೆಗೂ ಏನು ಸಂಬಂಧ ಎಂಬುದು ಅವನ ಭಾವ. 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ಬಂದದ್ದು ಫಾನ್ಟ್ ಹಾಫ್‌ಗೆ. ಬಂದದ್ದು ಬೇರೆ ಕೆಲಸಕ್ಕಾಗಿ. ಆದರೂ ಕೋಲ್ಬೆ ಬದುಕಿದ್ದರೆ ಮುಖ ಎಲ್ಲಿ ಇಟ್ಟುಕೊಳ್ಳುತ್ತಿದ್ದನೋ!

ಆ ರಟ್ಟಿನ ಗೋಪುರದ ಬೆಲೆ ವೈದ್ಯರಿಗೆ ದಿನವೂ ಗೊತ್ತಾಗುತ್ತದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬಣ್ಣ ಬಳಿದರೆ ಎರಡು ಬಗೆಯ ಗೋಪುರಗಳಾಗುತ್ತವೆ, ಎಡಗೈ ಮತ್ತು ಬಲಗೈ ಇದ್ದ ಹಾಗೆ. ಕನ್ನಡಿಯಲ್ಲಿ ಒಂದೇ, ಕೈಚೀಲ ತೊಡಿಸಹೋದರೆ ಬೇರೆ. ಥೈರಾಯ್ಡ್ ರೋಗಿಗೆ ಲಿವೋಥೈರಾಕ್ಸಿನ್, ಪಾರ್ಕಿನ್‌ಸನ್ ರೋಗಿಗೆ ಲಿವೋಡೋಪ ಎಂದು ನಾನು ಬರೆದ ಸಾವಿರಾರು ಚೀಟಿಗಳಲ್ಲಿ ಆ ‘ಲಿವೋ’ ಎಂಬ ಎರಡಕ್ಷರ ಹೇಳುವುದು ಇದನ್ನೇ. ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ನಾನು ಚಿತ್ರ ನೋಡಿ ಕಲಿತೆ. ನಾಲ್ಕು ಹಲ್ಲುಕಡ್ಡಿ, ಒಂದು ಆಲೂಗಡ್ಡೆ ಕೈಗೆ ಕೊಟ್ಟಿದ್ದರೆ ಕಾಲುಗಂಟೆಯ ಕೆಲಸ.

ಇನ್ನು ಇಸ್ಪೀಟೆಲೆಯ ಕಥೆ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಡ್ಮಿಟ್ರಿ ಮೆಂಡೆಲೀವ್ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿದ್ದ. ಮೊದಲ ಸಂಪುಟ ಮುಗಿದಾಗ ಅದರಲ್ಲಿ ವಿವರವಾಗಿ ಬಂದಿದ್ದ ಧಾತುಗಳು ಎಂಟೇ. ಆಗ ಗೊತ್ತಿದ್ದವು 63. ಉಳಿದವನ್ನೆಲ್ಲ ಎರಡನೆಯ ಸಂಪುಟದಲ್ಲಿ ತುರುಕುವುದು ಹೇಗೆ? ಆವರ್ತ ಕೋಷ್ಟಕ ಹುಟ್ಟಿದ್ದು ಈ ಮೇಷ್ಟ್ರಿನ ತಲೆನೋವಿನಿಂದ, 1869ರಲ್ಲಿ. ಧಾತುಗಳ ಹೆಸರು, ತೂಕ, ಗುಣಗಳನ್ನು ಚೀಟಿಗಳ ಮೇಲೆ ಬರೆದು, ಒಬ್ಬನೇ ಕೂತು ಪೇಷನ್ಸ್ ಆಡುವ ಹಾಗೆ ಜೋಡಿಸುತ್ತ ಹೋದಾಗ ಕೋಷ್ಟಕ ಮೂಡಿತು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಮೈಕೇಲ್ ಗಾರ್ಡಿನ್‌ರಂಥ ಇತಿಹಾಸಕಾರರು ಇದನ್ನು ಅನುಮಾನದಿಂದ ನೋಡುತ್ತಾರೆ. ಕೈಬರಹದ ಕರಡುಗಳು ಉಳಿದಿವೆ, ಚೀಟಿಗಳಿಲ್ಲ. ಕಥೆ ನಿಜವೋ ಅಲ್ಲವೋ, ಹೋಲಿಕೆ ಮಾತ್ರ ಸೊಗಸಾಗಿದೆ. ಎಲೆಗೆ ಎರಡು ಗುಣ, ಒಂದು ಜಾತಿ, ಇನ್ನೊಂದು ಸಂಖ್ಯೆ. ಧಾತುವಿಗೂ ಎರಡು, ಒಂದು ಕುಟುಂಬದ ಗುಣ, ಇನ್ನೊಂದು ತೂಕದ ಕ್ರಮ. ಎರಡೂ ಹೊಂದುವಂತೆ ಇಡಬೇಕು. ಹೊಂದದಿದ್ದರೆ ಜಾಗ ಖಾಲಿ ಬಿಡಬೇಕು. ಹಾಗೆ ಖಾಲಿ ಬಿಟ್ಟ ಜಾಗಗಳಿಗೆ ಮೆಂಡೆಲೀವ್ ಇಟ್ಟ ಹೆಸರುಗಳು ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ಆ ‘ಏಕ’ ನಮ್ಮ ಸಂಸ್ಕೃತದ ಏಕವೇ. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಬಂದು ಆ ಮನೆಗಳಲ್ಲಿ ಕುಳಿತವು.

ಮೈಸೂರಿನವರಿಗೆ ಇಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ನೆನಪಾಗದೆ ಇರದು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಮಣೆ ಆಟ, ಗಂಜೀಫಾ ಎಲೆ ಆಟಗಳ ವಿವರಗಳಿವೆ. ಮುನ್ನೂರ ಅರವತ್ತು ಎಲೆಗಳ ಆಟದವರೆಗೂ ಅವರ ಕಲ್ಪನೆ ಹೋಗಿತ್ತು. ಅರಸರು ತೀರಿಕೊಂಡದ್ದು 1868ರಲ್ಲಿ, ಮೆಂಡೆಲೀವನ ಕೋಷ್ಟಕ ಬರುವ ಹಿಂದಿನ ವರ್ಷ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಅಷ್ಟು ಎಲೆಗಳ ಜಾತಿ, ಕ್ರಮಗಳನ್ನು ನೆನಪಿಟ್ಟು ಆಡಬಲ್ಲವರಿಗೆ ನೂರ ಹದಿನೆಂಟು ಧಾತುಗಳ ಕೋಷ್ಟಕ ಭಾರವಾಗುತ್ತಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಇಪ್ಪತ್ತನೆಯ ಶತಮಾನದಲ್ಲಿ ಆಟ ಪೆಟ್ಟಿಗೆಯೊಳಗೆ ಸೇರಿತು. ರಾಸಾಯನಿಕಗಳ ಪೆಟ್ಟಿಗೆ ಹೊಸದೇನಲ್ಲ. ಹದಿನೆಂಟನೆಯ ಶತಮಾನದ ಕೊನೆಗೇ ಜರ್ಮನಿಯಲ್ಲಿ ಗಟ್‌ಲಿಂಗ್ ಎಂಬಾತ ಒಯ್ಯಬಹುದಾದ ಪೆಟ್ಟಿಗೆ ಮಾರುತ್ತಿದ್ದ. ಆದರೆ ಅದು ದೊಡ್ಡವರದು. ಮಕ್ಕಳ ಆಟಿಕೆಯಾಗಿ ಅಮೆರಿಕದಲ್ಲಿ ಕೆಮ್‌ಕ್ರಾಫ್ಟ್, ಆಮೇಲೆ ಗಿಲ್ಬರ್ಟ್ ಕಂಪೆನಿಯ ಸೆಟ್‌ಗಳು, ಇಂಗ್ಲೆಂಡಿನಲ್ಲಿ ವಾಟ್‌ಫರ್ಡ್‌ನ ಲಾಟ್ಸ್ ಸೆಟ್‌ಗಳು ಮನೆಮನೆಗೆ ಬಂದವು. ಗಿಲ್ಬರ್ಟ್ 1950ರಲ್ಲಿ ಯುರೇನಿಯಂ ಅದಿರಿನ ನಾಲ್ಕು ತುಣುಕು ಮತ್ತು ಗೈಗರ್ ಕೌಂಟರ್ ಇಟ್ಟು ನಲವತ್ತೊಂಬತ್ತೂವರೆ ಡಾಲರಿಗೆ ‘ಪರಮಾಣು ಪ್ರಯೋಗಾಲಯ’ವನ್ನೇ ಮಾರಿದ. ಹುಡುಗಿಯರಿಗೆ ಬೇರೆ ಗುಲಾಬಿ ಪೆಟ್ಟಿಗೆ, ಹೆಸರು ‘ಲ್ಯಾಬ್ ಟೆಕ್ನಿಷಿಯನ್ ಸೆಟ್’. ಹುಡುಗನಾದರೆ ವಿಜ್ಞಾನಿ, ಹುಡುಗಿಯಾದರೆ ಸಹಾಯಕಿ. ಜೇನ್ ಮಾರ್ಸೆಟ್ ಹುಡುಗಿಯರಿಗಾಗಿಯೇ ರಸಾಯನಶಾಸ್ತ್ರ ಬರೆದು ನೂರೈವತ್ತು ವರ್ಷವಾದ ಮೇಲಿನ ಮಾತಿದು. 1960ರ ದಶಕದಿಂದ ಬಂದ ಸುರಕ್ಷತಾ ಕಾನೂನುಗಳ ಜೊತೆಗೆ ಪೆಟ್ಟಿಗೆಗಳು ಸಪ್ಪೆಯಾದವು. ಸುಟ್ಟ ಬೆರಳು, ರಾಸಾಯನಿಕ ಬಿದ್ದ ಕಣ್ಣು ನೋಡಿರುವ ನಾನು ಆ ಕಾನೂನುಗಳನ್ನು ಹಳಿಯಲಾರೆ. ಆದರೂ ಅಡಿಗೆ ಸೋಡ, ವಿನಿಗರ್ ಬಿಟ್ಟು ಏನೂ ಇಲ್ಲದ ಪೆಟ್ಟಿಗೆಗೆ ಅಷ್ಟು ಹಣ ಏಕೆ ಕೊಡಬೇಕೋ ತಿಳಿಯದು.

ಪೆಟ್ಟಿಗೆಗಳ ಫಲ ಏನು? ಒಂದು ಉದಾಹರಣೆ ಸಾಕು. ರಾಬರ್ಟ್ ಕರ್ಲ್‌ಗೆ ಒಂಬತ್ತು ವರ್ಷವಿದ್ದಾಗ ತಂದೆತಾಯಿ ಕೆಮಿಸ್ಟ್ರಿ ಸೆಟ್ ಕೊಟ್ಟರು. ಒಂದೇ ವಾರದಲ್ಲಿ ತಾನು ರಸಾಯನಶಾಸ್ತ್ರಜ್ಞನಾಗಬೇಕೆಂದು ಆ ಹುಡುಗ ನಿರ್ಧರಿಸಿಬಿಟ್ಟ. ಇಂಗ್ಲೆಂಡಿನ ಹ್ಯಾರಿ ಕ್ರೋಟೊ ಬೆಳೆದದ್ದು ಮೆಕ್ಯಾನೋ ಜೋಡಿಸುತ್ತ. 1985ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಇವರಿಬ್ಬರು, ರಿಚರ್ಡ್ ಸ್ಮಾಲಿ ಮತ್ತು ಅವರ ವಿದ್ಯಾರ್ಥಿಗಳು ಅರವತ್ತು ಇಂಗಾಲದ ಪರಮಾಣುಗಳ ಒಂದು ವಿಚಿತ್ರ ಗುಂಪನ್ನು ಕಂಡರು. ಅದರ ಆಕಾರವೇನು? ಹಿಂದೆ ಮಕ್ಕಳಿಗಾಗಿ ಜೋಡಿಸಿದ್ದ ರಟ್ಟಿನ ನಕ್ಷತ್ರಗೋಳವೊಂದು ಕ್ರೋಟೊಗೆ ನೆನಪಾಯಿತು. ಅದರಲ್ಲಿ ಆರು ಮೂಲೆಗಳ ಜೊತೆ ಐದು ಮೂಲೆಯ ತುಂಡುಗಳೂ ಇದ್ದವು. ಸ್ಮಾಲಿ ರಾತ್ರಿ ಮನೆಯಲ್ಲಿ ಕಾಗದ ಕತ್ತರಿಸಿ ಟೇಪ್ ಅಂಟಿಸುತ್ತ ಕುಳಿತರು. ಬರೀ ಷಟ್ಕೋನಗಳಿಂದ ಗೋಳ ಮುಚ್ಚಲಿಲ್ಲ. ಪಂಚಕೋನ ಸೇರಿಸಿದೊಡನೆ ಕಾಗದ ತಾನಾಗಿ ಬಾಗಿತು. 12 ಪಂಚಕೋನ, 20 ಷಟ್ಕೋನ, 60 ಮೂಲೆ. ಗಣಿತ ವಿಭಾಗದ ಮುಖ್ಯಸ್ಥರನ್ನು ಕೇಳಿದಾಗ ಬಂದ ಉತ್ತರ, ಇದು ಕಾಲ್ಚೆಂಡು! ಮೂವರಿಗೂ 1996ರಲ್ಲಿ ನೊಬೆಲ್ ಬಂತು. ಹಾಫ್‌ಮನ್ ಪಾಠ ಹೇಳಲು ಚೆಂಡು ತಂದರೆ, ಇಲ್ಲಿ ಪ್ರಕೃತಿಯೇ ಚೆಂಡು ಮಾಡಿಟ್ಟಿತ್ತು.

ಗಣಕದ ಆಟಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ ಫೋಲ್ಡಿಟ್. ಪ್ರೋಟೀನಿನ ಸರಪಣಿಯನ್ನು ಮಡಿಸಿ ಮಡಿಸಿ ಅತಿ ಕಡಿಮೆ ಶಕ್ತಿಯ ಆಕಾರಕ್ಕೆ ತರುವುದೇ ಆಟ. ಮಂಗಗಳ ಏಡ್ಸ್‌ಗೆ ಸಂಬಂಧಿಸಿದ ವೈರಸ್ಸೊಂದರ ಕಿಣ್ವದ ರಚನೆ ತಜ್ಞರಿಗೆ ವರ್ಷಗಟ್ಟಲೆ ಬಗೆಹರಿದಿರಲಿಲ್ಲ. ಈ ಆಟಗಾರರು, ಅದರಲ್ಲೂ ವಿಜ್ಞಾನದ ಪದವಿಯಿಲ್ಲದ ಎಷ್ಟೋ ಮಂದಿ, ಮೂರೇ ವಾರದಲ್ಲಿ ಅದರ ದಾರಿ ತೋರಿಸಿದರು. 2011ರಲ್ಲಿ ಅದು ಪ್ರಕಟವಾಯಿತು.

ನಮ್ಮ ನಾಡಿನ ಕಡೆಗೆ ಬರುತ್ತೇನೆ. ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಶಾಲೆಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಪಠ್ಯಪುಸ್ತಕದ ಬದಲು ‘ಬಾಲ್ ವೈಜ್ಞಾನಿಕ್’ ಎಂಬ ಕೆಲಸದ ಪುಸ್ತಕ, ಅಗ್ಗದ ಕಿಟ್, ಮಕ್ಕಳ ಗುಂಪು, ಪುಸ್ತಕ ತೆರೆದಿಟ್ಟೇ ಬರೆಯುವ ಪರೀಕ್ಷೆ. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 2002ರಲ್ಲಿ ಸರ್ಕಾರ ನಿಲ್ಲಿಸಿತು. ಮೂವತ್ತು ವರ್ಷ ಸರ್ಕಾರಿ ಶಾಲೆಗಳಲ್ಲಿ, ಸಾಮಾನ್ಯ ಮೇಷ್ಟ್ರುಗಳ ಕೈಯಲ್ಲಿ ನಡೆದದ್ದೇ ಇದರ ಹೆಚ್ಚುಗಾರಿಕೆ; ಶ್ರೀಮಂತ ಶಾಲೆಯ ಷೋಕಿಯಲ್ಲ ಅದು.

ನಾನು ಓದಿದ ಮಲೆನಾಡಿನ ಹೈಸ್ಕೂಲಿನಲ್ಲಿ ಪ್ರಯೋಗಶಾಲೆಯ ಬೀರುವಿಗೆ ಬೀಗ. ಗಾಜು ಒಡೆದರೆ ಲೆಕ್ಕ ಕೊಡಬೇಕೆಂಬ ಭಯದಲ್ಲಿ ಮೂರು ವರ್ಷವೂ ಅದನ್ನು ತೆಗೆಯಲಿಲ್ಲ. ಆದರೆ ಮಳೆ ಹಿಡಿಯುವ ಮುಂಚೆ ಅಡಿಕೆಗೆ ಔಷಧ ಹೊಡೆಯುವಾಗ ಮನೆಯಂಗಳದಲ್ಲೇ ರಸಾಯನಶಾಸ್ತ್ರ ನಡೆಯುತ್ತಿತ್ತು. ಮೈಲುತುತ್ತದ ನೀಲಿ ನೀರು, ಸುಣ್ಣದ ತಿಳಿ, ಎರಡನ್ನೂ ಸುರಿದ ಬೋರ್ಡೋ ದ್ರಾವಣ. ಹದ ನೋಡಲು ಅಪ್ಪಯ್ಯ ಹೊಳೆಯುವ ಕತ್ತಿಯನ್ನು ಅದ್ದಿ ತೆಗೆಯುತ್ತಿದ್ದರು. ಕತ್ತಿಯ ಮೇಲೆ ಕೆಂಪು ಹತ್ತಿದರೆ, ‘ಇನ್ನೊಂದು ಸ್ವಲ್ಪ ಸುಣ್ಣ ಬಿಡೊ’ ಎಂಬ ಅಪ್ಪಣೆ. ಕಬ್ಬಿಣ ತಾಮ್ರವನ್ನು ಹೊರದಬ್ಬುವ ಸ್ಥಾನಪಲ್ಲಟ ಕ್ರಿಯೆ ಅದೇ. ಪುಸ್ತಕದಲ್ಲಿ ಅದೇ ಕ್ರಿಯೆಯ ಸಮೀಕರಣ ಬಾಯಿಪಾಠ ಮಾಡುತ್ತಿದ್ದ ನಮಗೆ ಎರಡೂ ಒಂದೇ ಎಂದು ಯಾರೂ ಹೇಳಲಿಲ್ಲ. ಆರತಿ ತಟ್ಟೆಯಲ್ಲಿ ಅರಿಶಿನದ ನೀರು ಸುಣ್ಣ ತಾಗಿ ಕೆಂಪಾಗುವುದನ್ನು ನೋಡುತ್ತ ಬೆಳೆದ ಹೆಣ್ಣುಮಕ್ಕಳಿಗೆ ಅದು ಪ್ರತ್ಯಾಮ್ಲದ ಪರೀಕ್ಷೆ ಎಂದೂ ಹೇಳಲಿಲ್ಲ.

ಈಗ ನನ್ನ ವಾದ. ಶಾಲೆಗಳಲ್ಲಿ ಇಂದು ‘ಆಟ’ ಎಂದು ಕರೆಯುವ ಬಹಳಷ್ಟು ಸಾಮಗ್ರಿ ಆಟವೇ ಅಲ್ಲ. ದಾಳ ಕಟ್ಟಿದ ಪ್ರಶ್ನೆಪತ್ರಿಕೆ. ಹಾವು ಏಣಿಯ ಹಲಗೆ, ಮನೆಗೊಂದು ಪ್ರಶ್ನೆ, ಸರಿಯಾದರೆ ಏಣಿ. ಆ ಹಾವಿಗೂ ರಸಾಯನಶಾಸ್ತ್ರಕ್ಕೂ ಸಂಬಂಧವಿಲ್ಲ; ಪ್ರಶ್ನೆ ತೆಗೆದು ಭೂಗೋಳದ್ದು ಹಾಕಿದರೂ ಆಟ ನಡೆಯುತ್ತದೆ. ನಮ್ಮ ಹಿಂದಿನ ಪರಮಪದ ಸೋಪಾನ ಪಟ ಹಾಗಿರಲಿಲ್ಲ. ಅಲ್ಲಿ ಹಾವೇ ದುರ್ಗುಣ, ಏಣಿಯೇ ಸದ್ಗುಣ. ತತ್ತ್ವ ಬೇರೆ, ಆಟ ಬೇರೆ ಎಂದಿಲ್ಲ. ಹಾಫ್‌ಮನ್‌ರ ಚೆಂಡಿನ ತೋಳು, ಮೆಂಡೆಲೀವನ ಖಾಲಿ ಮನೆ, ಸ್ಮಾಲಿಯ ಪಂಚಕೋನ ಇವೂ ಹಾಗೆಯೇ. ಆಟದ ನಿಯಮವೇ ಪ್ರಕೃತಿಯ ನಿಯಮ. ಪ್ರಶ್ನೆಯಾಟ ನೆನಪಿಗೆ ಸಹಾಯಕ, ಒಪ್ಪುತ್ತೇನೆ. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳನ್ನು ಎಚ್ಚರವಾಗಿಡಲೂ ಬೇಕು. ಅದಕ್ಕೆ ಕಲಿಕೆ ಎಂಬ ದೊಡ್ಡ ಹೆಸರು ಮಾತ್ರ ಬೇಡ.

ಮಾಡಿ ನೋಡಬಹುದಾದ ಒಂದು ಆಟ ಹೇಳುತ್ತೇನೆ. ಅಳಗುಳಿಮಣೆಯಲ್ಲಿ ಬೀಜ ಗುಳಿಯಿಂದ ಗುಳಿಗೆ ಹೋಗುತ್ತದೆ, ಗೆದ್ದವರ ಮಡಿಲಿಗೂ ಹೋಗುತ್ತದೆ; ಒಟ್ಟು ಎಣಿಕೆ ಮಾತ್ರ ಬದಲಾಗದು. ಸಮೀಕರಣ ಸರಿದೂಗಿಸುವುದೆಂದರೆ ಇಷ್ಟೇ. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯ ದೊಡ್ಡ ಮಕ್ಕಳಿಗೆ ಹುಣಸೆ ಬೀಜ ಜಲಜನಕ, ಕವಡೆ ಆಮ್ಲಜನಕ ಎಂದು ಕೊಟ್ಟೆ. ಎಡಗಡೆಯ ಗುಳಿಗಳಲ್ಲಿ ಇವೆರಡೂ ಜೋಡಿಜೋಡಿಯಾಗಿಯೇ ಇರಬೇಕು, ಬಲಗಡೆ ಒಂದು ಕವಡೆಗೆ ಎರಡು ಬೀಜದಂತೆ ನೀರಾಗಬೇಕು, ಏನೂ ಮಿಗಬಾರದು. ಒಂದು ಜೋಡಿ ಕವಡೆಗೆ ಎರಡು ಜೋಡಿ ಬೀಜ ಬೇಕೆಂದು ಅವರೇ ಕಂಡುಕೊಂಡರು.

ಆಮೇಲೆ ಹೆಸರುಗಳ ಮಾತು ಬಂತು. ಜಲಜನಕವೆಂದರೆ ನೀರನ್ನು ಹುಟ್ಟಿಸುವುದು ಎಂಬುದು ಕನ್ನಡದಲ್ಲಿ ಕೇಳಿದೊಡನೆ ತಿಳಿಯುತ್ತದೆ. ಹೈಡ್ರೋಜನ್ ಎಂಬ ಗ್ರೀಕ್ ಮೂಲದ ಹೆಸರಿಗೂ ಅದೇ ಅರ್ಥ. ಹನ್ನೆರಡು ವರ್ಷದ ಹುಡುಗಿಯೊಬ್ಬಳು, “ಹಾಗಾದ್ರೆ ಆಮ್ಲಜನಕ ಅಂದ್ರೆ ಆ್ಯಸಿಡ್ ಹುಟ್ಟಿಸೋದಾ, ಡಾಕ್ಟರ್ ತಾತ? ಇಲ್ಲಿ ನೀರೇ ಆಯ್ತಲ್ಲ?” ಎಂದು ಕೇಳಿದಳು. ಎಲ್ಲ ಆಮ್ಲಗಳಲ್ಲೂ ಆಮ್ಲಜನಕ ಇರುತ್ತದೆಂದು ಲವಾಸಿಯೆ ನಂಬಿದ್ದ, ಅದರಿಂದಲೇ ಆ ಹೆಸರು. ಉಪ್ಪಿನಿಂದ ತೆಗೆಯುವ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದು ಹಂಫ್ರಿ ಡೇವಿ 1810ರಲ್ಲಿ ತೋರಿಸಿದ. ತಪ್ಪು ಹೆಸರು ಇಂಗ್ಲಿಷಿನಲ್ಲೂ ಉಳಿಯಿತು, ಕನ್ನಡಕ್ಕೂ ಬಂತು. ಇಂಗ್ಲಿಷಿನ ಹೆಸರಿನೊಳಗೆ ಅದು ಕಾಣುವುದಿಲ್ಲ, ಅಷ್ಟೇ.